ಕೆಂಪು ಚೌಕದೊಳಗೆ ಚಿಕ್ಕಪ್ಪನ ಹೊಲ

ಉಪಗ್ರಹದ ಚಿತ್ರದಲ್ಲಿ ಹೊಗೆ ಯಾವುದು, ಮಂಜು ಯಾವುದು ಎಂದು ಗುರುತಿಸುವುದು ಆ ವರ್ಷಗಳಲ್ಲಿ ನನ್ನ ಕೆಲಸವಾಗಿತ್ತು. ಊಟಿಯ ಕಚೇರಿಯೊಂದರಲ್ಲಿ ಕೂತು, ಗೂಡಲೂರಿನಿಂದ ಮಸಿನಗುಡಿಯವರೆಗೆ ಎಲ್ಲಿ ಬೆಂಕಿ ಬಿದ್ದಿದೆ ಎಂದು ನೋಡುತ್ತಿದ್ದೆ. ಬಿಸಿ ಕಂಡಲ್ಲಿ ಪರದೆಯ ಮೇಲೆ ಪುಟ್ಟ ಕೆಂಪು ಚೌಕ. ನೆಲದ ಮೇಲೆ ಅದರೊಳಗೆ ಒಂದು ಊರೇ ಹಿಡಿಸುತ್ತಿತ್ತು.

ಒಂದು ಬೇಸಿಗೆ ಚಿಕ್ಕಪ್ಪ ಮಸಿನಗುಡಿಯಿಂದ ಕಚೇರಿಗೇ ಬಂದರು. ಅವರ ಹೊಲಕ್ಕೆ ಅಂಟಿದ ಕಾಡು ಹಿಂದಿನ ವಾರ ಉರಿದಿತ್ತು. ಅವರದೇ ಬೆಂಕಿ ಎಂದು ಅರಣ್ಯ ಇಲಾಖೆಯ ರೇಂಜರಿಗೆ ಅನುಮಾನ. ದನಗಳನ್ನು ಕಾಡಿಗೆ ಬಿಡಕೂಡದೆಂದು ತಡೆದಿದ್ದರು. ಮೈಸೂರು ಕಡೆಯಿಂದ ಬಂದು ಅಲ್ಲಿ ನೆಲೆನಿಂತ ನಮ್ಮವರು ದನ ಸಾಕುವುದು ಹಾಲಿಗಿಂತ ಸಗಣಿಗೆ. ಅದು ಗೊಬ್ಬರವಾಗಿ ಲಾರಿಯಲ್ಲಿ ಕೇರಳದ ತೋಟಗಳಿಗೆ ಹೋಗುತ್ತದೆ. ಕಾಡಿನ ಮೇವಿಲ್ಲದೆ ಆ ಮಂದೆ ಉಳಿಯುವುದಿಲ್ಲ.

"ನಿನ್ನ ಫೋಟೋದಾಗೆ ನಾನು ಕಾಣ್ತೀನೇನ್ಲಾ?"

"ಮನುಷ್ಯರು ಕಾಣಲ್ಲ ಚಿಕ್ಕಪ್ಪ."

"ದನ?"

"ದನಾನೂ ಇಲ್ಲ."

"ಮತ್ತೆ ಅಷ್ಟು ಮ್ಯಾಕ್ಕೆ ಹೋಗಿ ಏನ್ ನೋಡ್ತದ್ಲಾ ಅದು?"

ನಮ್ಮಲ್ಲೊಂದು ರೂಢಿ ಇತ್ತು. ಕಾಡ್ಗಿಚ್ಚು ದಾಟದಿರಲಿ ಎಂದು ಇಲಾಖೆಯವರು ಕಾಡಿನ ಅಂಚಿನ ಹುಲ್ಲನ್ನು ಮೊದಲೇ ಪಟ್ಟೆಯಾಗಿ ಸುಡುತ್ತಾರೆ. ಆರಿಸುವವರು ಹೇಗೂ ಹತ್ತಿರ ಇರುತ್ತಾರಲ್ಲ ಎಂದು, ಅದೇ ದಿನ ನಾವೂ ಬೇಲಿಯ ಲಂಟಾನದ ಪೊದೆಗೆ ಬೆಂಕಿ ಇಡುವುದು. ಅಂದೂ ಹಾಗೆಯೇ ಆಗಿತ್ತು. ತಾವು ಹಚ್ಚಿದ್ದು ಮಧ್ಯಾಹ್ನ ಉಂಡ ಮೇಲೆ, ಕಾಡು ಅದಕ್ಕೂ ಮೊದಲೇ ಹೊಗೆಯಾಡುತ್ತಿತ್ತು ಎಂಬುದು ಚಿಕ್ಕಪ್ಪನ ವಾದ.

ಆ ದಿನದ ಎರಡು ಚಿತ್ರಗಳನ್ನು ಹಿಡಿದು ರೇಂಜರ ಬಳಿ ಹೋದೆವು. ಮಧ್ಯಾಹ್ನದ್ದರಲ್ಲಿ ಒಂದೇ ಕೆಂಪು ಚೌಕ. ಇಲಾಖೆ ಸುಟ್ಟ ಪಟ್ಟೆ, ಚಿಕ್ಕಪ್ಪನ ಹೊಲ, ಉರಿದ ಕಾಡು, ಮೂರೂ ಅದರೊಳಗೇ. ಬೆಳಗಿನದರಲ್ಲಿ ಚೌಕವಿರಲಿಲ್ಲ, ಪಕ್ಕದ ಮೋಯಾರು ಹೊಳೆಯ ಕಣಿವೆಯ ಮೇಲೆ ಬೆಳ್ಳಗೆ ಏನೋ ಹರಡಿತ್ತು.

"ಇದು ಹೊಗೆಯೋ ಮಂಜೋ?" ರೇಂಜರ್ ತಮಿಳಿನಲ್ಲಿ ಕೇಳಿದರು.

"ಇದನ್ನು ನೋಡಿ ಹೇಳಲಾಗದು," ಎಂದೆ.

"ನೀವು ಆ ದಿನ ಊರಲ್ಲಿದ್ದಿರಂತೆ?"

ಇದ್ದೆ. ಬೆಳಗಿನ ಬಸ್ಸಿನಲ್ಲಿ ಊಟಿಗೆ ಹೊರಟಿದ್ದೆ. ಕಿಟಕಿಯಿಂದ ಲಂಟಾನ ಸುಡುವ ಘಾಟು ಬಂದ ನೆನಪು ನನಗಿತ್ತು, ಹುಲ್ಲು ಸುಟ್ಟ ವಾಸನೆಯಲ್ಲ. ಅದು ನಿಜವಾದರೆ ಚಿಕ್ಕಪ್ಪ ಹಚ್ಚಿದ್ದು ಮಧ್ಯಾಹ್ನವಲ್ಲ. ಆದರೆ ಆ ಘಾಟು ಆ ದಿನದ್ದೇ ಎಂದು ಹೇಳುವುದು ಹೇಗೆ? ಅದೇ ಬಸ್ಸಿನಲ್ಲಿ ಪ್ರತಿ ವಾರ ಬರುತ್ತಿದ್ದೆ. ಘಾಟಿನ ವಿಷಯ ಹೇಳಿದೆ, ಅದು ಯಾವ ದಿನದ್ದೋ ಎಂಬ ಅನುಮಾನವನ್ನೂ ಹೇಳಿದೆ.

ಚಿಕ್ಕಪ್ಪ ನಕ್ಕುಬಿಟ್ಟರು. "ಇವನ ಮಾತು ಬಿಡಿ ಸಾರ್. ಬೆಳಿಗ್ಗೆ ತಿಂದಿದ್ದು ರೊಟ್ಟಿಯೋ ಇಡ್ಲಿಯೋ, ಅದೇ ನೆಪ್ಪಿರಲ್ಲ ಇವನಿಗೆ. ಓದಿದ್ದು ಜಾಸ್ತಿ ಆಯ್ತು."

ರೇಂಜರೂ ನಕ್ಕರು, ತಡೆ ಮಾತ್ರ ತೆಗೆಯಲಿಲ್ಲ. ಮಳೆ ಬಿದ್ದ ಮೇಲೆ ಬಿಡಿ ಎಂದರು.

ಆ ಬೇಸಿಗೆ ಚಿಕ್ಕಪ್ಪ ಹುಲ್ಲು ಕೊಂಡು ಹಾಕಿದರು, ಸಾಲದೆ ಒಂದಷ್ಟು ದನ ಮಾರಿದರು. ನಾನು ಘಾಟಿನ ಮಾತು ಎತ್ತದಿದ್ದರೆ ರೇಂಜರ್ ತಡೆ ತೆಗೆಯುತ್ತಿದ್ದರೇ? ಗೊತ್ತಿಲ್ಲ. ನೀನು ಅಲ್ಲಿ ಬಾಯಿಯೇ ಬಿಡಲಿಲ್ಲ ಎಂದು ಚಿಕ್ಕಪ್ಪ ಈಗ ನನಗೆ ಹೇಳುತ್ತಾರೆ. ಇರಬಹುದು.

ಮೊದಲ ಮಳೆಯ ನಂತರ ಉಳಿದ ದನಗಳನ್ನು ಬಿಟ್ಟ ದಿನ ನಾನೂ ಊರಲ್ಲಿದ್ದೆ. ಅವು ಅತ್ತಿತ್ತ ನೋಡದೆ ಸುಟ್ಟ ಜಾಗಕ್ಕೇ ನಡೆದವು. ಬೇರೆಲ್ಲೂ ಇಲ್ಲದ ಎಳೆ ಹುಲ್ಲು ಅಲ್ಲಿ ಎದ್ದಿತ್ತು. ಚಿಕ್ಕಪ್ಪ ನನ್ನ ಪಕ್ಕ ನಿಂತು ನೋಡುತ್ತಿದ್ದರು.

"ಈ ಹುಲ್ಲು ಕಾಣ್ತದೇನ್ಲಾ ಮ್ಯಾಗಿಂದ?"

"ಹಸಿರು ಕಾಣ್ತದೆ," ಎಂದೆ.

"ಹ್ಞೂ," ಎಂದು ಅವರು ಹಿಂದೆ ಉಳಿದ ಕರುವನ್ನು ಅಟ್ಟಲು ಹೋದರು.