ಹಳ್ಳಕ್ಕೆ ಬಿಟ್ಟ ನೀರು

ಮಿರಜದ ಸುತ್ತಲಿನ ಹುಲ್ಲುಗಾವಲೆಲ್ಲ ಪ್ಲಾಟುಗಳಾದ ಮೇಲೆ ಲಿಂಗನೂರಿನ ಸಾವಂತ್ರವ್ವನ ಕುರಿಗಳಿಗೆ ಉಳಿದದ್ದು ಸೇನೆಯ ಇಂಧನ ಡಿಪೋದ ಹಿಂದಿನ ಹಳ್ಳವೊಂದೇ. ಡಿಪೋದಲ್ಲಿ ಸೋರಿದ ಎಣ್ಣೆ ಅಂತರ್ಜಲಕ್ಕೆ ಇಳಿದಿತ್ತು. ನೆಲ ಶುದ್ಧ ಮಾಡುತ್ತೇವೆಂದು ಡಿಪೋದವರು ಆ ನೀರನ್ನು ಮೇಲೆತ್ತಿ ಹಳ್ಳಕ್ಕೆ ಬಿಡತೊಡಗಿದರು. ಅದನ್ನು ಕುಡಿದ ಗಬ್ಬದ ಕುರಿಗಳು ಒಂದೊಂದಾಗಿ ದಿನ ತುಂಬುವ ಮೊದಲೇ ಕಂದು ಹಾಕಿದವು.

ಆ ನೀರು ನಿಲ್ಲಿಸಿರೆಂದು ಕೇಳಲು ಸಾವಂತ್ರವ್ವ ಜಿಲ್ಲಾಸ್ಥಳ ಸಾಂಗಲಿಗೆ ಹೋಗಿ, ಮಾಲಿನ್ಯದ ದೂರು ನೋಡುವ ಸರಕಾರಿ ಸಾಹೇಬರನ್ನು ಕಂಡಳು.

“ಅದು ಮಿಲಿಟರಿ ಜಾಗಾ, ಮಾವಶಿ. ಕಾಂಪೌಂಡಿನ ಒಳಗ ನಮ್ಮ ಕಾಯ್ದೆ ನಡ್ಯಾಂಗಿಲ್ಲ,” ಎಂದರು ಅವರು.

“ಹಳ್ಳ ಹೊರಗ ಐತಲ್ರಿ, ಸಾಹೇಬ್ರ?”

“ಪೈಪು ಒಳಗಿಂದ ಬರತೈತಿ.”

ಅಲ್ಲಿಂದ ಡಿಪೋಕ್ಕೆ ಹೋದರೆ, ಗೇಟಿನಲ್ಲಿದ್ದ ಪಹರೆಯವನು ಮತ್ತೆ ಸಾಂಗಲಿಗೇ ಹೋಗಿ ಕೇಳೆಂದ.

ಮರುದಿನ ಮಧ್ಯಾಹ್ನ ಬಾಯಾರಿದ ಕುರಿಗಳು ಹಳ್ಳಕ್ಕೆ ನುಗ್ಗಿದವು. ಆಕೆ ಕೋಲು ಬೀಸುತ್ತ ಅಡ್ಡ ನಿಂತಳು. ಈ ಕಡೆಯವನ್ನು ತಡೆದರೆ ಆ ಕಡೆಯವು ಕುಡಿಯುತ್ತಿದ್ದವು. ಕೊನೆಗೆ ತೋಳು ಸೋತು, ದಂಡೆಯ ಮೇಲೆ ಕುಸಿದು ಕುಳಿತಳು.