ಯಾರೂ ತಿದ್ದದ ಇಂಗ್ಲಿಷ್ ಪತ್ರಿಕೆ

ಅಂಗನವಾಡಿ ಆಯಾ ಗಂಗಾಂಬಿಕೆ ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವಾಗ ಪಕ್ಕದ ಹುಡುಗಿಯ ಪತ್ರಿಕೆ ನೋಡಿ ಬರೆದು ಸಿಕ್ಕಿಬಿದ್ದಳು ಎಂಬ ಮಾತು ಕುಣಿಗಲ್ ಕೆರೆಯ ಏರಿಯ ಕೆಳಗಿನ ಬೀದಿಯಲ್ಲಿ ಇಂದಿಗೂ ಇದೆ. ಸೀರೆಯ ನೆರಿಗೆಯಲ್ಲಿ ಚೀಟಿ ಇಟ್ಟುಕೊಂಡಿದ್ದಳೆಂದು ಸೇರಿಸಿ ಹೇಳುವವರೂ ಇದ್ದಾರೆ. ಚೀಟಿ ಇರಲಿಲ್ಲ. ನೋಡಿ ಬರೆದವಳು ಗಂಗಾಂಬಿಕೆಯೂ ಅಲ್ಲ, ಪಕ್ಕದ ಹುಡುಗಿ. ನಡೆದದ್ದು ಹೀಗೆಂದು ಗಂಗಾಂಬಿಕೆ ಹೇಳಬೇಕಾದವರಿಗೆಲ್ಲ ಹೇಳಿದಳು. ಅದರಿಂದ ಏನೂ ಬದಲಾಗಲಿಲ್ಲ.

ಅವಳ ತವರು ಗುಬ್ಬಿ. ೧೯೮೧ರ ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯಗಳಲ್ಲೂ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಇಪ್ಪತ್ತೇಳು ಅಂಕ ತೆಗೆದಳು. ಬೇಕಿದ್ದುದು ಮೂವತ್ತೈದು. ಮರುವರ್ಷ ಕುಣಿಗಲ್‌ನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಕರಿಸಿದ್ದಪ್ಪನೊಡನೆ ಮದುವೆಯಾಯಿತು. ತೊಂಬತ್ತರಲ್ಲಿ ಬೀದಿಯ ಅಂಗನವಾಡಿಗೆ ಆಯಾ ಆಗಿ ಸೇರಿದಳು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ತಟ್ಟೆ ತೊಳೆಯುವುದು, ಒದ್ದೆ ಚಡ್ಡಿ ಬದಲಿಸುವುದು ಅವಳ ಕೆಲಸ. ಹಾಜರಿ ಪುಸ್ತಕ ಬರೆಯುವುದು ಮತ್ತು ಮಕ್ಕಳಿಂದ ಟೀಚರ್ ಅನ್ನಿಸಿಕೊಳ್ಳುವುದು ಕಾರ್ಯಕರ್ತೆ ವನಜಮ್ಮನ ಪಾಲಿನದು. ವನಜಮ್ಮನಿಗೆ ೨೦೦೨ರ ಮಾರ್ಚಿಗೆ ಕೆಲಸ ಬಿಡುವ ವಯಸ್ಸು. ಎಸ್ಸೆಸ್ಸೆಲ್ಸಿ ಪಾಸಾಗಿ ನಲವತ್ತರೊಳಗಿದ್ದರೆ ಆ ಜಾಗಕ್ಕೆ ಆಯಾಳನ್ನೇ ಮೊದಲು ಪರಿಗಣಿಸುತ್ತಾರೆಂದು ಇಲಾಖೆಯ ಆಫೀಸಿನಲ್ಲಿ ಹೇಳಿದ್ದರು. ಗಂಗಾಂಬಿಕೆಗೂ ಆ ಕುರ್ಚಿಗೂ ನಡುವೆ ಒಂದು ಇಂಗ್ಲಿಷ್ ಪತ್ರಿಕೆ ಮಾತ್ರ ಇತ್ತು.

೧೯೯೪ರಿಂದ ೨೦೦೧ರ ಏಪ್ರಿಲ್‌ವರೆಗೆ ಎಂಟು ಸಲ ಬರೆದಳು. ಮೊದಲಿನದೂ ಸೇರಿ ಒಂಬತ್ತು ಸಲ ಫೇಲು. ಕುಣಿಗಲ್‌ನಲ್ಲಿ ಪರೀಕ್ಷೆ ಕಟ್ಟಿದರೆ ತಾನು ಎತ್ತಿ ಆಡಿಸಿದ ಬೀದಿಯ ಮಕ್ಕಳ ಜೊತೆಗೇ ಕೂರಬೇಕಾಗುತ್ತದೆಂದು ತುಮಕೂರಿನ ಕೇಂದ್ರದಲ್ಲಿ ಕಟ್ಟುತ್ತಿದ್ದಳು. ಮರಳೂರಿನಲ್ಲಿದ್ದ ಅಕ್ಕ ಮಂಜುಳಮ್ಮನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದೆಯೆಂದು ಬೀದಿಗೆ ಹೇಳಿ ಬಸ್ಸು ಹತ್ತುತ್ತಿದ್ದಳು. ಗುಟ್ಟು ಗೊತ್ತಿದ್ದುದು ಗಂಡನಿಗೆ, ಅಕ್ಕನಿಗೆ ಮತ್ತು ಗುಬ್ಬಿಯ ರಾಮಾಂಜಿನಯ್ಯ ಮೇಷ್ಟ್ರಿಗೆ.

ರಾಮಾಂಜಿನಯ್ಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ತವರುಮನೆಯ ಎದುರು ಸಾಲಿನವರು. ತಿಂಗಳಿಗೊಂದು ಭಾನುವಾರ ಅವರ ಜಗಲಿಯ ಮೇಲೆ ಪಾಠ. ಪತ್ರಿಕೆಯಲ್ಲಿ ಪ್ರತಿ ಸಲವೂ ಬರುತ್ತಿದ್ದ ಐದು ಅಂಕದ ಒಂದು ಪ್ರಶ್ನೆ ಅವಳಿಗೆ ಎಂದೂ ದಕ್ಕಿರಲಿಲ್ಲ: ಕೊಟ್ಟಿರುವ ಕಾಲಸೂಚಕ ಪದವನ್ನು ಸರಿಯಾದ ಜಾಗದಲ್ಲಿಟ್ಟು ವಾಕ್ಯವನ್ನು ಮತ್ತೆ ಬರೆಯಿರಿ.

"ಯಸ್ಟರ್ಡೇ, ಟುಮಾರೋ ಅನ್ನೋವು ಸಾಮಾನ್ಯವಾಗಿ ಕೊನೆಗೆ ಬರ್ತವೆ. ಆಲ್ವೇಸ್, ಆಫನ್, ನೆವರ್ ಇವು ಕ್ರಿಯಾಪದಕ್ಕಿಂತ ಮೊದ್ಲು ಕೂರ್ತವೆ. ಅಷ್ಟು ಗೊತ್ತಲ್ಲ?"

"ಗೊತ್ತು ಮೇಷ್ಟ್ರೇ. ಒಂದೇ ಕ್ರಿಯಾಪದ ಇದ್ರೆ ಹೆಂಗೋ ಬರೀತೀನಿ. ಟು ಅಂತ ಸೇರ್ಕೊಂಡು ಇನ್ನೊಂದು ಬಂದ್ರೆ ಕೈ ನಿಂತೋಗುತ್ತೆ."

"ಶಿ ಫರ್ಗೆಟ್ಸ್ ಟು ಬ್ರಿಂಗ್ ಹರ್ ಸ್ಲೇಟ್. ಸ್ಲೇಟು ತರೋದನ್ನ ಮರೀತಾಳೆ. ಇದಕ್ಕೆ ಆಫನ್ ಸೇರ್ಸು. ಮೇಲಿಂದ ಮೇಲೆ ಆಗ್ತಿರೋದು ಯಾವ್ದಮ್ಮ, ಮರೆಯೋದೋ ತರೋದೋ?"

"ತರೋದು."

"ಮೇಲಿಂದ ಮೇಲೆ ತಂದ್ರೆ ನಮ್ಮ ಕಷ್ಟ ಏನು? ಮರೆಯೋದು ಕಣಮ್ಮ, ಮರೆಯೋದು. ಅದ್ರ ಪಕ್ಕದಲ್ಲೇ ಕೂರಿಸು."

೨೦೦೧ರ ಆಗಸ್ಟಿನಲ್ಲಿ ಮೇಷ್ಟ್ರು ಕೊಟ್ಟ ಐದು ವಾಕ್ಯಗಳಲ್ಲಿ ಅವಳು ಮೂರನ್ನು ತಪ್ಪು ಬರೆದಳು. ಅವರು ಕನ್ನಡಕ ತೆಗೆದು ಒರೆಸಿ, "ಅದನ್ನ ಬುಟ್ಬುಡು. ಪತ್ರ, ಪ್ರಬಂಧ ಬಾಯಿಪಾಠ ಮಾಡು" ಅಂದರು. ಅದೇ ಅವರ ಕೊನೆಯ ಪಾಠ.

ಅವಳು ಬಿಡಲಿಲ್ಲ. ಅಂಗನವಾಡಿಯ ತಟ್ಟೆಗಳ ಹಿಂಬದಿಯಲ್ಲಿ ಮೊಳೆಯಿಂದ ಕೆರೆದ ಗುರುತುಗಳಿದ್ದವು. ಯಾರ ತಟ್ಟೆ ಯಾರ ಮುಂದೆ ಹೋಗಬೇಕೆಂದು ಮಕ್ಕಳಿಗಿಂತ ಚೆನ್ನಾಗಿ ಗಂಗಾಂಬಿಕೆಗೆ ಗೊತ್ತು. ಒಬ್ಬರದು ಇನ್ನೊಬ್ಬರ ಮುಂದೆ ಹೋದರೆ ಇಬ್ಬರೂ ಅಳುತ್ತಾರೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರ ನಡುವೆ ಒಂದೇ ತಟ್ಟೆ ಹಿಡಿದು ನಿಂತಾಗ ಅವಳಿಗೆ ಮೇಷ್ಟ್ರ ವಾಕ್ಯ ನೆನಪಾಯಿತು. ಕ್ರಿಯಾಪದಗಳು ಎರಡು ಮಕ್ಕಳು, ಕಾಲದ ಪದ ಒಂದು ತಟ್ಟೆ. ತಟ್ಟೆ ಯಾರದೆಂದು ಮೊದಲು ಕೇಳಬೇಕು, ಆಮೇಲೆ ಇಡಬೇಕು. ಆ ದಿನ ತಟ್ಟೆ ಇಡುತ್ತಲೇ ಹಳೆಯ ಪತ್ರಿಕೆಗಳ ವಾಕ್ಯಗಳನ್ನೆಲ್ಲ ಬಾಯಲ್ಲಿ ಜೋಡಿಸಿ ನೋಡಿದಳು. ಒಂದೊಂದೂ ಕೂತವು.

"ಏನ್ಲೇ ಗಂಗಾ, ತಟ್ಟೆಗೆ ಮಂತ್ರ ಹಾಕ್ತಿದೀಯಾ?" ಅಂದಳು ವನಜಮ್ಮ.

"ಮಕ್ಕಳು ಚೆಲ್ದೆ ತಿನ್ಲಿ ಅಂತ ಕಣಕ್ಕ."

"ನನ್ನ ಮೊಮ್ಮಗಂಗೂ ಒಂದು ಹಾಕ್ಬುಡು ಹಂಗಾದ್ರೆ."

ಅಕ್ಟೋಬರ್ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಐದೂ ವಾಕ್ಯಗಳನ್ನು ಅವಳು ಒಂದೇ ಉಸಿರಿನಲ್ಲಿ ಬರೆದಳು. ಪತ್ರವನ್ನೂ ಪ್ರಬಂಧವನ್ನೂ ಆಗಲೇ ಬರೆದಾಗಿತ್ತು. ಎಷ್ಟು ಕಡಿಮೆ ಹಿಡಿದು ಕೂಡಿದರೂ ನಲವತ್ತು ದಾಟುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವಳಿಗೆ ಪರೀಕ್ಷೆಯ ಕೊಠಡಿಯಲ್ಲಿ ಸುತ್ತ ನೋಡುವಷ್ಟು ಬಿಡುವಿತ್ತು.

ಪಕ್ಕದ ಬೆಂಚಿನಲ್ಲಿ ಹದಿನಾರು ಹದಿನೇಳರ ಹುಡುಗಿ ಇದ್ದಳು. ಹಾಲ್ ಟಿಕೆಟಿನ ಮೇಲೆ ದೀಪಿಕಾ ಎಂದಿತ್ತು.

"ಆಂಟಿ, ಟೈಮ್ ವರ್ಡ್ಸ್‌ದು ತೋರ್ಸಿ ಆಂಟಿ."

"ನಂದಾ?"

"ಹ್ಞೂಂ. ನಿಮ್ದು ಬೇಗ ಆಯ್ತಲ್ಲ. ಪ್ಲೀಸ್."

ಒಂಬತ್ತು ಪರೀಕ್ಷೆಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಬೇಡವೆನ್ನಲು ಬೇಕಾದಷ್ಟು ಸಮಯವಿತ್ತು. ಅವಳು ಪತ್ರಿಕೆಯನ್ನು ಬೆಂಚಿನ ಅಂಚಿಗೆ ಸರಿಸಿದಳು. ಮೂರನೆಯ ವಾಕ್ಯದಲ್ಲಿ ಹುಡುಗಿ ತಡವರಿಸಿದಾಗ ಬೆರಳಿಟ್ಟು ತೋರಿಸಿದಳು ಕೂಡ. ಆ ಬೆರಳು ಅಲ್ಲಿರುವಾಗಲೇ ನಕಲು ಹಿಡಿಯುವ ಸ್ಕ್ವಾಡಿನವರು ಬಾಗಿಲಿನಲ್ಲಿ ನಿಂತಿದ್ದರು.

ಹೆಡ್‌ಮಾಸ್ಟರ ಕೋಣೆಯಲ್ಲಿ ಎರಡೂ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟರು. ಐದು ವಾಕ್ಯಗಳೂ ಒಂದೇ ಥರ ಇದ್ದವು. ಹುಡುಗಿ ಅಳುತ್ತ, "ಆಂಟಿ ನಂದು ನೋಡ್ತಾ ಇದ್ರು ಸಾರ್" ಅಂದಳು.

"ಇಲ್ಲ ಸಾರ್. ಅವಳು ನಂದು ನೋಡಿದ್ದು."

ಸ್ಕ್ವಾಡಿನ ಅಧಿಕಾರಿ ಅವಳ ಅರ್ಜಿಯ ಪ್ರತಿಯನ್ನು ತಿರುವಿದರು. "ಎಷ್ಟನೇ ಅಟೆಂಪ್ಟಮ್ಮ ಇದು?"

"ಹತ್ತನೇದು."

"ಒಂಬತ್ ಸಲ ಫೇಲಾದೋರ್‌ದು ನೋಡಿ ಯಾರಾದ್ರೂ ಬರೀತಾರೇನಮ್ಮ?"

"ಈಗ್ಲೇ ಐದು ವಾಕ್ಯ ಕೊಡಿ ಸಾರ್. ನಿಮ್ಮೆದುರಿಗೇ ಬರೀತೀನಿ."

"ಇನ್ನೂ ಎರಡು ಸೆಂಟರ್ ಇದೆ ನಮಗೆ. ತೋರ್ಸಿದ್ರೂ ಶಿಕ್ಷೆ ಅದೇ, ನೋಡಿದ್ರೂ ಅದೇ. ಹೇಳಿಕೆ ಬರ್ದುಕೊಡಿ."

ಹೇಳಿಕೆಯನ್ನು ಕನ್ನಡದಲ್ಲಿ ಬರೆದಳು. ನಡೆದದ್ದನ್ನೇ ಬರೆದಳು. ಹೊರಗೆ ಜೀಪು ಆಗಲೇ ಸ್ಟಾರ್ಟಾಗಿತ್ತು.

ಡಿಸೆಂಬರಿನಲ್ಲಿ ಪರೀಕ್ಷಾ ಮಂಡಳಿಯ ರಿಜಿಸ್ಟರ್ ಪತ್ರ, ಹೇಳಿಕೆಯಲ್ಲಿ ಬರೆಸಿಕೊಂಡಿದ್ದ ಕೆಲಸದ ವಿಳಾಸಕ್ಕೆ, ಅಂದರೆ ಅಂಗನವಾಡಿಗೆ ಬಂತು. ಗಂಗಾಂಬಿಕೆ ಮಕ್ಕಳನ್ನು ಕರೆತರಲು ಹೋಗಿದ್ದಳು. ವನಜಮ್ಮ ಸಹಿ ಹಾಕಿ ತೆಗೆದುಕೊಂಡು, ಇಂಗ್ಲಿಷಿನಲ್ಲಿದ್ದುದರಿಂದ ಇಲಾಖೆಯದೇ ಇರಬೇಕೆಂದು ತಾಲ್ಲೂಕು ಕಚೇರಿಯ ಗುಮಾಸ್ತ ಲಕ್ಷ್ಮೀಕಾಂತ್‌ಗೆ ಓದಲು ಕೊಟ್ಟಳು. ಮಾಲ್‌ಪ್ರಾಕ್ಟೀಸ್ ಸಾಬೀತಾಗಿದೆ, ಮೂರು ಪರೀಕ್ಷೆಗಳಿಗೆ ಡಿಬಾರ್ ಮಾಡಲಾಗಿದೆ ಎಂದಿತ್ತು. ಸಂಜೆಯ ಹೊತ್ತಿಗೆ ಅವಳು ಏಳು ವರ್ಷ ಮುಚ್ಚಿಟ್ಟ ಎಲ್ಲವೂ ಬೀದಿಗೆ ಗೊತ್ತಿತ್ತು, ಅದೂ ತಲೆಕೆಳಗಾಗಿ.

"ನೀನು ನೋಡ್ಲಿಲ್ಲ ಅಂತ ನಾನು ನಂಬ್ತೀನಿ ಕಣೇ. ಆದ್ರೆ ಶಾಪಿಗೆ ಬಂದೋರ್ಗೆ ನಾನು ಏನಂತ ಹೇಳ್ಲಿ? ತೋರ್ಸಿ ಸಿಕ್ಕಾಕ್ಕೊಂಡ್ಳು ಅಂದ್ರೆ ನಗ್ತಾರೆ" ಅಂದ ಕರಿಸಿದ್ದಪ್ಪ.

ಜನವರಿಯಲ್ಲಿ ಗುಬ್ಬಿಗೆ ಹೋದಳು. ತಟ್ಟೆಗಳ ವಿಷಯ ಮೇಷ್ಟ್ರಿಗೊಬ್ಬರಿಗಾದರೂ ಹೇಳಬೇಕೆಂದಿದ್ದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಜಗಲಿ ಹತ್ತುತ್ತಿದ್ದಂತೆಯೇ ಅವರು, "ಹೋಗ್ಲಿ ಬುಡಮ್ಮ, ಎಲ್ರೂ ನೋಡಿ ಬರೆಯೋರೇ. ನೀನೊಬ್ಳು ಸಿಕ್ಬಿದ್ದೆ ಅಷ್ಟೆ" ಅಂದರು. ಮೃದುವಾಗಿಯೇ ಅಂದರು. ಅವಳು ಕಾಫಿ ಕುಡಿದು, ತವರಿಗೂ ಹೋಗದೆ ತುಮಕೂರಿನ ಬಸ್ಸು ಹತ್ತಿದಳು.

ಮಾರ್ಚಿನಲ್ಲಿ ವನಜಮ್ಮ ಕೆಲಸ ಬಿಟ್ಟಳು. ಜಾಗಕ್ಕೆ ಹುತ್ರಿದುರ್ಗದ ಕಡೆಯಿಂದ ಇಪ್ಪತ್ತೆರಡರ ತನುಶ್ರೀ ಬಂದಳು. ಮೊದಲ ದಿನ ಅವಳಿಗೆ ಕುರ್ಚಿ ಒರೆಸಿಕೊಟ್ಟವಳು ಗಂಗಾಂಬಿಕೆ. ಡಿಬಾರಿನ ಅವಧಿ ಮುಗಿದ ವರ್ಷ ಪರೀಕ್ಷೆ ಕಟ್ಟುವ ಫಾರಂ ತಂದಳು, ತುಂಬಲಿಲ್ಲ. ಕುರ್ಚಿ ಖಾಲಿ ಇರಲಿಲ್ಲ.

ಇದು ೨೦೦೮. ಗಂಗಾಂಬಿಕೆಗೆ ನಲವತ್ತನಾಲ್ಕು, ವಯಸ್ಸಿನ ಮಿತಿ ದಾಟಿದೆ. ಅದೇ ಅಂಗನವಾಡಿಯಲ್ಲಿ ಅದೇ ಆಯಾ ಕೆಲಸ. ದೀಪಿಕಾ ಏನಾದಳೆಂದು ಅವಳಿಗೆ ತಿಳಿಯದು. ಮಾಲ್‌ಪ್ರಾಕ್ಟೀಸಿನಲ್ಲಿ ಹಿಡಿದ ಪತ್ರಿಕೆಗಳನ್ನು ತಿದ್ದುವುದಿಲ್ಲವಾದ್ದರಿಂದ, ಆ ಹತ್ತನೆಯ ಪತ್ರಿಕೆಗೆ ಎಷ್ಟು ಅಂಕ ಬರುತ್ತಿತ್ತೆಂಬುದು ಯಾರಿಗೂ ಗೊತ್ತಿಲ್ಲ.