ಅಚ್ಚುತ ಮಾಸ್ಟ್ರು ಗೆರೆ ದಾಟಿದ್ದು

ಪಂಜದಾಚೆಯ ನಮ್ಮ ಪ್ರೌಢಶಾಲೆಯ ಪಿ.ಟಿ. ಮಾಸ್ಟ್ರು ಅಚ್ಚುತರು ಈವರೆಗೆ ಒಂದು ಆಟವನ್ನೂ ಸೋತವರಲ್ಲ. ಹನ್ನೊಂದು ವರ್ಷಗಳಿಂದ ಅವರನ್ನು ರೆಫರಿಗಳೇ ಸೋಲಿಸುತ್ತಿದ್ದಾರೆ, ಎದುರಿನ ತಂಡದ ಪಾತ್ರ ಅದರಲ್ಲಿ ಏನೂ ಇಲ್ಲ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಜೊತೆ ಒಬ್ಬ ಮಹಿಳಾ ಟೀಚರ್ ಹೋಗಲೇಬೇಕಾದ್ದರಿಂದ, ಕನ್ನಡ ಪಾಠ ಮಾಡುವ ನಾನು ಪ್ರತಿವರ್ಷವೂ ಅವರ ಬಾಯಿಂದ ಇದನ್ನು ಕೇಳಿ ಕೇಳಿ ಸಾಕಾಗಿದ್ದೇನೆ.

ಪೆರಾಬೆಯವರಾದ ಮಾಸ್ಟ್ರು ಹರೆಯದಲ್ಲಿ ಕಬಡ್ಡಿ ಆಡಿದವರು. ನಮ್ಮ ಕಡೆಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ಅಂಪಾಯರ್ ಪಾಯಿಂಟ್ ಕೊಡದಿದ್ದರೆ ತಂಡದ ಅಷ್ಟೂ ಜನ ಹೋಗಿ ಅವರನ್ನು ಸುತ್ತುವರಿದು ಬೊಬ್ಬೆ ಹೊಡೆಯುತ್ತಾರೆ. ಹತ್ತು ನಿಮಿಷ ಬೊಬ್ಬೆ ಹೊಡೆದರೆ ಎಷ್ಟೋ ಸಲ ಪಾಯಿಂಟ್ ಸಿಕ್ಕಿಯೂ ಬಿಡುತ್ತದೆ. ಅಚ್ಚುತ ಮಾಸ್ಟ್ರು ಕಲಿತ ವಿದ್ಯೆ ಇದೊಂದೇ. ಬಾಸ್ಕೆಟ್‌ಬಾಲಿಗೂ ಇದನ್ನೇ ತಂದರು, ಆ ಆಟದ ನಿಯಮದ ಪುಸ್ತಕವನ್ನು ಬಿಡಿಸಿ ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ.

ಆಟ ಕಲಿತದ್ದು ಹುಡುಗಿಯರು, ಅದರಲ್ಲೂ ಹತ್ತನೆಯ ತರಗತಿಯ ಭವಿತಾ. ಬೆಳಿಗ್ಗೆ ಏಳಕ್ಕೇ ಬಂದು ಒಬ್ಬಳೇ ಬಾಲ್ ಹಾಕುತ್ತಿದ್ದಳು. ಎರಡು ವರ್ಷ ತಾಲೂಕಿನಲ್ಲೇ ಸೋತು ಮರಳಿದವಳಿಗೆ ಒಮ್ಮೆಯಾದರೂ ಜಿಲ್ಲಾ ಕೂಟದಲ್ಲಿ ಆಡಬೇಕೆಂಬ ಆಸೆ. ಶಾಲೆಯಲ್ಲಿ ಇದು ಅವಳ ಕೊನೆಯ ವರ್ಷ.

ಸುಳ್ಯದಲ್ಲಿ ತಾಲೂಕು ಫೈನಲ್. ಇಪ್ಪತ್ತು ಸೆಕೆಂಡು ಉಳಿದಿರುವಾಗ ನಮಗೆ ಇಪ್ಪತ್ತೊಂದು, ಅವರಿಗೆ ಇಪ್ಪತ್ತು. ಸೀಟಿ ಊದುತ್ತಿದ್ದವರು ಇನ್ನೊಂದು ಶಾಲೆಯ ಸಲಾಂ ಮಾಸ್ಟ್ರು. ಚೆಂಡು ಹಿಡಿದ ಭವಿತಾ ಪುಟಿಸದೆ ಒಂದು ಹೆಜ್ಜೆ ಹೆಚ್ಚು ಇಟ್ಟಳು. ಸಲಾಂ ಊದಿ, ಚೆಂಡನ್ನು ಎದುರಿನವರಿಗೆ ಕೊಟ್ಟರು. ತಪ್ಪು ತನ್ನದೆಂದು ಅವಳಿಗೂ ಗೊತ್ತಿತ್ತು, ಸುಮ್ಮನೆ ತಡೆಯಲು ಹೋಗಿ ನಿಂತಳು.

ನಮ್ಮ ಮಾಸ್ಟ್ರು ಅಂಗಣದ ಗೆರೆ ದಾಟಿ ಒಳಗೆ ನುಗ್ಗಿದರು.

"ಎಂತ ಮಾರಾಯ್ರೆ, ನಿಮಗೆ ಕಣ್ಣು ಕಾಣುದಿಲ್ವಾ?"

"ಹೊರಗೆ ಹೋಗಿ ಮಾಸ್ಟ್ರೆ. ಇಲ್ಲದಿದ್ರೆ ಟೆಕ್ನಿಕಲ್ ಫೌಲ್ ಕೊಡ್ಬೇಕಾಗ್ತದೆ."

"ಕೊಡಿ ನೋಡುವ!"

ಸಲಾಂ ಕೊಟ್ಟರು. ಕೋಚ್ ಮಾಡಿದ ತಪ್ಪಿಗೆ ಎದುರಿನವರಿಗೆ ಒಂದು ಫ್ರೀ ಥ್ರೋ, ಅದು ಬುಟ್ಟಿಗೆ ಬಿದ್ದು ಸಮವಾಯಿತು. ಆಗಲಾದರೂ ಬಾಯಿ ಮುಚ್ಚಬಹುದಿತ್ತು. "ಅವರ ಹತ್ರ ಎಷ್ಟು ತಿಂದಿದ್ದೀರಿ?" ಎಂದು ಕೇಳಿದರು ಈ ಮಹಾಶಯರು. ಎರಡನೆಯ ಫೌಲ್, ಇನ್ನೊಂದು ಫ್ರೀ ಥ್ರೋ, ಇಪ್ಪತ್ತೆರಡು. ಮಾಸ್ಟ್ರನ್ನು ಹೊರಗೆ ಹಾಕಿದರು. ಎದುರಿನ ಹುಡುಗಿಯರು ತಮ್ಮತಮ್ಮಲ್ಲೇ ಚೆಂಡು ದಾಟಿಸುತ್ತ ಸಮಯ ಮುಗಿಸಿದರು.

"ರೆಫರಿ ಸೋಲಿಸಿದ್ದು ಮಕ್ಳೇ," ಎಂದರು ಅಚ್ಚುತ ಮಾಸ್ಟ್ರು. ಅಳುತ್ತಿದ್ದ ಮಕ್ಕಳ ಎದುರು ಹಾಗೆ ಹೇಳಲು ನಾಚಿಕೆಯಾದರೂ ಬೇಡವೇ?

ನಮ್ಮ ಕೂಟಗಳಿಗೆ ರೆಫರಿಗಳು ಬೇರೆ ಕಡೆಯಿಂದ ಬರುವುದಿಲ್ಲ. ತಂಡ ಕರೆತಂದ ಮಾಸ್ಟ್ರುಗಳೇ ಸರದಿಯಲ್ಲಿ ಊದಬೇಕು. ಮುಂದಿನದು ಹುಡುಗರ ಫೈನಲ್, ಸರದಿ ಅಚ್ಚುತರದು. ಅರ್ಧ ಗಂಟೆ ಹಿಂದೆ ಹೊರದಬ್ಬಿಸಿಕೊಂಡವರ ಕೈಗೇ ಸೀಟಿ ಕೊಟ್ಟದ್ದು ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ.

ಅವರು ಎರಡೂ ಕಡೆಯ ಕೋಚ್‌ಗಳನ್ನು ಕರೆದರು. "ಗೆರೆ ದಾಟಿದ್ರೆ ಫೌಲ್. ಒಂದು ಫ್ರೀ ಥ್ರೋ ಹೋಗ್ತದೆ, ಗೊತ್ತುಂಟಲ್ಲ? ಬೊಬ್ಬೆ ಎಲ್ಲ ನನ್ನ ಹತ್ರ ನಡಿಲಿಕ್ಕಿಲ್ಲ."

ಶೂ ಬಿಚ್ಚುತ್ತಿದ್ದ ಭವಿತಾ ಎದ್ದು ನಿಂತಳು.

"ಸಾರ್, ಈ ರೂಲ್ ನಿಮಗೆ ಗೊತ್ತಿತ್ತಾ?"

ಮಾಸ್ಟ್ರು ಸೀಟಿಯನ್ನು ಬಾಯಿಗಿಟ್ಟು ಆಟ ಶುರು ಮಾಡಿದರು.